ವಿಡಿಯೋ ಎಡಿಟಿಂಗ್‌ಗೆ ಮಾನಿಟರ್ ಆರಿಸುವುದು ಹೇಗೆ?

"ಎಡಿಟಿಂಗ್‌ಗೆ ಯಾವ ಮಾನಿಟರ್ ತಗೊಳ್ಳಲಿ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಎರಡು ಮೂರು ಮಾಡೆಲ್ ಹೆಸರು ಕಳಿಸಿ, "ಇದರಲ್ಲಿ ಒಂದು ಹೇಳಿಬಿಡಿ ಸಾಕು" ಅನ್ನುವವರೇ ಜಾಸ್ತಿ. ಹೆಸರು ಹೇಳುವುದೇನೋ ಸುಲಭ. ಆದರೆ ಮಾಡೆಲ್‌ಗಳು ಬರುತ್ತವೆ, ಹೋಗುತ್ತವೆ. ನೀವು ಕೊಳ್ಳುವ ಹೊತ್ತಿಗೆ ನಾನು ಹೇಳಿದ್ದು ಸಿಗದೇ ಹೋಗಬಹುದು. ಅದರ ಬದಲು ಸ್ಪೆಕ್ ಶೀಟ್, ಅಂದರೆ ಮಾನಿಟರ್‌ನ ಗುಣವಿವರದ ಪಟ್ಟಿ, ಓದುವುದನ್ನು ಕಲಿತರೆ ಮುಂದೆಯೂ ಉಪಯೋಗಕ್ಕೆ ಬರುತ್ತದೆ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಸಿನಿಮಾ ನೋಡಲು, ಆಟ ಆಡಲು ಮಾನಿಟರ್ ಚೆನ್ನಾಗಿ ಕಂಡರೆ ಸಾಕು. ಎಡಿಟಿಂಗ್‌ಗೆ ಅಷ್ಟು ಸಾಲದು. ನಿಮ್ಮ ಪರದೆ ಸ್ವಲ್ಪ ನೀಲಿಗೆ ತಿರುಗಿದೆ ಅಂದುಕೊಳ್ಳಿ. ವಿಡಿಯೋನೇ ನೀಲಿಯಾಗಿದೆ ಎಂದು ನಿಮಗೆ ಅನಿಸುತ್ತದೆ. ಹಳದಿ ಸೇರಿಸುತ್ತೀರಿ. ಆಮೇಲೆ ನೋಡುವವರ ಫೋನಿನಲ್ಲಿ ಮುಖಗಳೆಲ್ಲ ಕಾಮಾಲೆ ಬಂದ ಹಾಗೆ ಕಾಣುತ್ತವೆ. ಆಗಿದ್ದಿಷ್ಟೇ: ಮಾನಿಟರ್‌ನಲ್ಲಿದ್ದ ತಪ್ಪನ್ನು ನೀವು ವಿಡಿಯೋದಲ್ಲಿ ತಿದ್ದಿದಿರಿ. ಕೆಳಗಿನ ಹಂತಗಳಲ್ಲಿ ಹೆಚ್ಚಿನವು ಈ ಒಂದು ಪೇಚಿನಿಂದ ತಪ್ಪಿಸಿಕೊಳ್ಳುವುದಕ್ಕೇ ಇರುವುದು.

ಶುರು ಮಾಡುವ ಮುನ್ನ ಮೂರು ವಿಷಯ ಬರೆದಿಟ್ಟುಕೊಳ್ಳಿ. ನಿಮ್ಮ ಕಂಪ್ಯೂಟರ್‌ನಲ್ಲಿ ವಿಡಿಯೋ ಹೊರಬರುವ ಪೋರ್ಟ್‌ಗಳು ಯಾವುವು, ಯಾವ ಆವೃತ್ತಿಯವು? ಮೇಜಿನ ಆಳ ಎಷ್ಟು, ಅಂದರೆ ಕಣ್ಣಿಗೂ ಪರದೆಗೂ ಎಷ್ಟು ದೂರ ಸಿಗುತ್ತದೆ? ನೀವು ಬಳಸುವ ಎಡಿಟಿಂಗ್ ಸಾಫ್ಟ್‌ವೇರ್ ಯಾವುದು, ವಿಂಡೋಸ್‌ನಲ್ಲೋ ಮ್ಯಾಕ್‌ನಲ್ಲೋ?

ಹಂತ 1: ನಿಮ್ಮ ವಿಡಿಯೋ ಎಲ್ಲಿ ನೋಡುತ್ತಾರೆ?

ಮಾನಿಟರ್ ಹುಡುಕುವ ಮೊದಲು ಇದಕ್ಕೆ ಉತ್ತರ ಬೇಕು. ಯಾಕೆಂದರೆ ಎಲ್ಲಿ ನೋಡುತ್ತಾರೆ ಅನ್ನುವುದರ ಮೇಲೆ ಬಣ್ಣದ ಮಾನದಂಡ ನಿಲ್ಲುತ್ತದೆ. ಬಣ್ಣದ ಮಾನದಂಡ ಅಂದರೆ ಕೆಂಪು ಅಂದರೆ ಎಷ್ಟು ಕೆಂಪು, ಬಿಳಿ ಅಂದರೆ ಯಾವ ಬಿಳಿ ಎಂದು ಎಲ್ಲರೂ ಸೇರಿ ಒಪ್ಪಿಕೊಂಡ ಲೆಕ್ಕ.

ಯೂಟ್ಯೂಬ್, ಇನ್‌ಸ್ಟಾಗ್ರಾಂ, ಸಾಮಾನ್ಯ ಟಿವಿ, ಮದುವೆ ವಿಡಿಯೋ, ಕಂಪನಿಗಳ ಪ್ರಚಾರದ ವಿಡಿಯೋ, ಪಾಠದ ವಿಡಿಯೋ ಇವೆಲ್ಲ ಸಾಮಾನ್ಯವಾಗಿ ರೆಕ್. 709 ಎಂಬ ಮಾನದಂಡದಲ್ಲಿ ತಯಾರಾಗುತ್ತವೆ. ಇದು ಎಚ್‌ಡಿ ಟಿವಿಗಾಗಿ 1990ರಲ್ಲಿ ಬಂದ ಮಾನದಂಡ. ಹಳೆಯದಾದರೂ ಇವತ್ತಿಗೂ ಬಹುಪಾಲು ವಿಡಿಯೋ ಇದರಲ್ಲೇ ಓಡುತ್ತದೆ. ಕಂಪ್ಯೂಟರ್ ಲೋಕದ ಎಸ್‌ಆರ್‌ಜಿಬಿ ಕೂಡ ಇದೇ ಕೆಂಪು, ಹಸಿರು, ನೀಲಿಗಳನ್ನು ಬಳಸುತ್ತದೆ. ಹಾಗಾಗಿ ಸ್ಪೆಕ್ ಶೀಟ್‌ನಲ್ಲಿ "ಎಸ್‌ಆರ್‌ಜಿಬಿ 99%" ಎಂದಿದ್ದರೆ ಬಣ್ಣದ ವ್ಯಾಪ್ತಿಯ ಮಟ್ಟಿಗೆ ರೆಕ್. 709ಕ್ಕೂ ಅದೇ ಅಂದುಕೊಳ್ಳಬಹುದು.

ಚಿತ್ರಮಂದಿರದ ಡಿಜಿಟಲ್ ಪ್ರೊಜೆಕ್ಷನ್‌ಗೆ ಡಿಸಿಐ-ಪಿ3 ಬೇಕು. ಇದರ ವ್ಯಾಪ್ತಿ ಇನ್ನೂ ದೊಡ್ಡದು, ಮುಖ್ಯವಾಗಿ ಕೆಂಪು ಮತ್ತು ಹಸಿರಿನ ಕಡೆ. ಓಟಿಟಿಗೆ ಎಚ್‌ಡಿಆರ್‌ನಲ್ಲಿ (ಇದೇನೆಂದು ಹಂತ 5ರಲ್ಲಿದೆ) ಕೊಡುವವರಿಗೂ ಪಿ3 ವ್ಯಾಪ್ತಿ ಬೇಕಾಗುತ್ತದೆ.

ನಿಮ್ಮ ಕೆಲಸ ಮೊದಲ ಗುಂಪಿನದಾದರೆ, ಓದುಗರಲ್ಲಿ ಹೆಚ್ಚಿನವರದ್ದು ಅದೇ, ಸರಿಯಾದ ರೆಕ್. 709 ತೋರಿಸುವ ಮಾನಿಟರ್ ಸಾಕು. ಪಿ3 ಇದ್ದರೆ ಒಳ್ಳೆಯದು. ಅದಕ್ಕಾಗಿ ಬೇರೆ ಗುಣಗಳನ್ನು ಬಿಟ್ಟುಕೊಡಬೇಡಿ.

ಹಂತ 2: ಬಣ್ಣದ ಅಂಕಿಗಳನ್ನು ಓದಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಜನ ಎಡವುವುದು ಇಲ್ಲೇ.

ಮೊದಲನೆಯದು ಗ್ಯಾಮಟ್, ಅಂದರೆ ಮಾನಿಟರ್ ತೋರಿಸಬಲ್ಲ ಬಣ್ಣಗಳ ವ್ಯಾಪ್ತಿ. ಎಸ್‌ಆರ್‌ಜಿಬಿ ಅಥವಾ ರೆಕ್. 709 ಕನಿಷ್ಠ 99% ಇರಲಿ. ಕೆಲವು ಕಂಪನಿಗಳು ಇದನ್ನು ಹೇಳದೆ "72% ಎನ್‌ಟಿಎಸ್‌ಸಿ" ಎಂದು ಬರೆಯುತ್ತವೆ. ಎನ್‌ಟಿಎಸ್‌ಸಿ ಅನ್ನುವುದು 1953ರ ಕಲರ್ ಟಿವಿ ಮಾನದಂಡ. ಅದರ 72% ಅಂದರೆ ವಿಸ್ತೀರ್ಣದ ಲೆಕ್ಕದಲ್ಲಿ ಹೆಚ್ಚುಕಡಿಮೆ ಪೂರ್ತಿ ಎಸ್‌ಆರ್‌ಜಿಬಿಗೆ ಸಮ. ಹಾಗಾಗಿ 72 ನೋಡಿ ಹೆದರಬೇಕಿಲ್ಲ. ಆದರೆ "45% ಎನ್‌ಟಿಎಸ್‌ಸಿ" ಕಂಡರೆ ಹಿಂದೆ ಸರಿಯಿರಿ. ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಬರುವ ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಫಲಕ, ಇದು. ಎಸ್‌ಆರ್‌ಜಿಬಿಯ ಬಣ್ಣಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇದರಲ್ಲಿ ಕಾಣುವುದೇ ಇಲ್ಲ.

ಇನ್ನೊಂದು ಆಟ "130% ಎಸ್‌ಆರ್‌ಜಿಬಿ" ಅನ್ನುವುದು. ಒಂದು ಮಾನದಂಡವನ್ನು 100%ಗಿಂತ ಜಾಸ್ತಿ ತುಂಬಿಸುವುದು ಹೇಗೆ, ಅಲ್ವಾ? ಅವರು ಹೇಳುತ್ತಿರುವುದು ಒಟ್ಟು ವಿಸ್ತೀರ್ಣ. ಹಸಿರಿನ ಕಡೆ ತುಂಬಾ ಹೊರಗೆ ಚಾಚಿ, ನೀಲಿಯ ಕಡೆ ಸ್ವಲ್ಪ ಕಡಿಮೆ ಬಿದ್ದರೂ ಈ ಅಂಕಿ ದೊಡ್ಡದಾಗಿಯೇ ಬರುತ್ತದೆ. ನಿಮಗೆ ಬೇಕಾದ್ದು ಕವರೇಜ್, ಅಂದರೆ ಮಾನದಂಡದ ಒಳಗಿನ ಬಣ್ಣಗಳಲ್ಲಿ ಎಷ್ಟು ಭಾಗ ಸಿಗುತ್ತದೆ ಅನ್ನುವ ಅಂಕಿ. ಅದು ಎಂದಿಗೂ 100 ದಾಟುವುದಿಲ್ಲ.

ವ್ಯಾಪ್ತಿ ದೊಡ್ಡದಿದ್ದರೆ ಒಂದು ತೊಂದರೆಯೂ ಇದೆ. ಪಿ3 ಮಾನಿಟರ್‌ಗೆ ರೆಕ್. 709 ವಿಡಿಯೋವನ್ನು ಸುಮ್ನೆ ಹಾಗೇ ಕಳಿಸಿದರೆ ಬಣ್ಣಗಳು ಹಿಗ್ಗಿ ಕಾಣುತ್ತವೆ. ಕೆಂಪು ಸೀರೆ ಉರಿಯುತ್ತದೆ, ಮುಖ ಕೆಂಪೇರುತ್ತದೆ. ನೀವು ಸ್ಯಾಚುರೇಶನ್, ಅಂದರೆ ಬಣ್ಣದ ಗಾಢತೆ, ಇಳಿಸುತ್ತೀರಿ. ಬೇರೆಯವರ ಪರದೆಯಲ್ಲಿ ಅದು ಕಳೆಗುಂದಿ ಕಾಣುತ್ತದೆ. ಇದಕ್ಕೆ ಪರಿಹಾರ ಮಾನಿಟರ್‌ನೊಳಗೇ ಇರುವ ಎಸ್‌ಆರ್‌ಜಿಬಿ ಅಥವಾ ರೆಕ್. 709 ಮೋಡ್. ಅದು ಬಣ್ಣಗಳನ್ನು ಮಾನದಂಡದ ಗಡಿಯೊಳಗೆ ಹಿಡಿದಿಡುತ್ತದೆ. ಕೊಳ್ಳುವ ಮುಂಚೆ ಎರಡು ವಿಷಯ ವಿಚಾರಿಸಿ: ಈ ಮೋಡ್ ಇದೆಯಾ? ಇದ್ದರೆ ಆ ಮೋಡ್‌ನಲ್ಲಿ ಬ್ರೈಟ್‌ನೆಸ್ ಬದಲಾಯಿಸಲು ಬಿಡುತ್ತದಾ? ಕೆಲವು ಮಾನಿಟರ್‌ಗಳು ಎಸ್‌ಆರ್‌ಜಿಬಿ ಮೋಡ್‌ಗೆ ಹೋದ ಕೂಡಲೇ ಬ್ರೈಟ್‌ನೆಸ್ ಗುಂಡಿಯನ್ನೇ ಬಂದ್ ಮಾಡುತ್ತವೆ. ಆಗ ಆ ಮೋಡ್ ಇದ್ದೂ ಇಲ್ಲದ ಹಾಗೆ.

ಎರಡನೆಯದು ಡೆಲ್ಟಾ ಇ. ಇರಬೇಕಾದ ಬಣ್ಣಕ್ಕೂ ಪರದೆಯಲ್ಲಿ ಕಂಡ ಬಣ್ಣಕ್ಕೂ ಇರುವ ಅಂತರವನ್ನು ಹೇಳುವ ಅಂಕಿ ಇದು. ಕಡಿಮೆ ಇದ್ದಷ್ಟೂ ಒಳ್ಳೆಯದು. 1ರ ಆಸುಪಾಸಿನ ವ್ಯತ್ಯಾಸ ಕಣ್ಣಿಗೆ ಗೊತ್ತಾಗುವುದೇ ಕಷ್ಟ. ಸರಾಸರಿ 2ಕ್ಕಿಂತ ಕಡಿಮೆ ಇದ್ದರೆ ನಮ್ಮ ಕೆಲಸಕ್ಕೆ ಚೆನ್ನಾಗಿ ಸಾಲುತ್ತದೆ. ಎಡಿಟಿಂಗ್‌ಗೆಂದೇ ಮಾಡಿದ ಮಾನಿಟರ್‌ಗಳ ಡಬ್ಬಿಯಲ್ಲಿ ಕಾರ್ಖಾನೆಯ ಕ್ಯಾಲಿಬ್ರೇಶನ್ ವರದಿಯ, ಅಂದರೆ ಬಣ್ಣ ಅಳೆದು ಹೊಂದಿಸಿದ್ದರ, ಹಾಳೆ ಬರುತ್ತದೆ. ಅದು ಯಾವ ಮೋಡ್‌ನಲ್ಲಿ ಅಳೆದದ್ದು ಅನ್ನುವುದನ್ನು ನೋಡಿ. ಎಸ್‌ಆರ್‌ಜಿಬಿ ಮೋಡ್‌ನಲ್ಲಿ ಅಳೆದು ಡೆಲ್ಟಾ ಇ 2ರ ಒಳಗೆ ಬಂದಿದ್ದರೆ, ನೀವು 'ಸ್ಟ್ಯಾಂಡರ್ಡ್' ಮೋಡ್‌ನಲ್ಲಿ ಕೆಲಸ ಮಾಡುವಾಗ ಆ ಹಾಳೆಗೆ ಬೆಲೆ ಇಲ್ಲ.

ಮೂರನೆಯದು ಬಿಟ್ ಡೆಪ್ತ್, ಅಂದರೆ ಒಂದೊಂದು ಬಣ್ಣಕ್ಕೂ ಎಷ್ಟು ಮೆಟ್ಟಿಲು. 8 ಬಿಟ್‌ನಲ್ಲಿ 256 ಮೆಟ್ಟಿಲು, ಮೂರೂ ಬಣ್ಣ ಸೇರಿ ಸುಮಾರು 1.67 ಕೋಟಿ ಬಣ್ಣ. 10 ಬಿಟ್‌ನಲ್ಲಿ 1,024 ಮೆಟ್ಟಿಲು, ಒಟ್ಟು ಸುಮಾರು 107 ಕೋಟಿ. ಮೆಟ್ಟಿಲು ಕಡಿಮೆ ಇದ್ದರೆ ಆಕಾಶದಂಥ ನಯವಾದ ಜಾಗದಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. ಇದಕ್ಕೆ ಬ್ಯಾಂಡಿಂಗ್ ಅನ್ನುತ್ತಾರೆ. ಮಾರುಕಟ್ಟೆಯಲ್ಲಿ "10 ಬಿಟ್" ಎಂದು ಬರೆದಿರುವ ಎಷ್ಟೋ ಮಾನಿಟರ್‌ಗಳು ನಿಜವಾಗಿ 8 ಬಿಟ್ ಜೊತೆ ಎಫ್‌ಆರ್‌ಸಿ. ಅಂದರೆ ಎರಡು ಛಾಯೆಗಳ ನಡುವೆ ಪಿಕ್ಸೆಲ್ ವೇಗವಾಗಿ ಬದಲಾಗುತ್ತಾ ಮಧ್ಯದ ಛಾಯೆ ಇದ್ದಂತೆ ತೋರಿಸುತ್ತದೆ. ಇದನ್ನು ಮೋಸ ಅಂತ ಬೈಯುವವರಿದ್ದಾರೆ. ನನ್ನ ಪ್ರಕಾರ ಅಷ್ಟೊಂದು ತಲೆ ಕೆಡಿಸಿಕೊಳ್ಳುವ ವಿಷಯ ಅಲ್ಲ. ಚೆನ್ನಾಗಿ ಮಾಡಿದ ಎಫ್‌ಆರ್‌ಸಿಗೂ ನಿಜವಾದ 10 ಬಿಟ್‌ಗೂ ಕಣ್ಣಳತೆಯಲ್ಲಿ ವ್ಯತ್ಯಾಸ ಹಿಡಿಯುವುದು ಕಷ್ಟ. 6 ಬಿಟ್ ಪ್ಯಾನೆಲ್ ಮಾತ್ರ ಬೇಡ.

ಹಂತ 3: ಪ್ಯಾನೆಲ್ ಯಾವುದು?

ಹೆಚ್ಚಿನವರಿಗೆ ಐಪಿಎಸ್. ಬದಿಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ ಅನ್ನುವುದು ಇದರ ದೊಡ್ಡ ಗುಣ. ಪಕ್ಕದಲ್ಲಿ ಗ್ರಾಹಕರನ್ನು ಕೂರಿಸಿಕೊಂಡು ತಿದ್ದುವವರಿಗೆ ಇದು ಎಷ್ಟು ಮುಖ್ಯ ಅಂತ ಗೊತ್ತು. ಇದರ ಕೊರತೆ ಕಪ್ಪು. ಸಾಮಾನ್ಯ ಐಪಿಎಸ್‌ನ ಕಾಂಟ್ರಾಸ್ಟ್, ಅಂದರೆ ಬಿಳಿಗೂ ಕಪ್ಪಿಗೂ ಇರುವ ಅನುಪಾತ, 1000:1ರ ಆಸುಪಾಸು. ಕತ್ತಲೆ ಕೋಣೆಯಲ್ಲಿ ರಾತ್ರಿ ದೃಶ್ಯ ಹಾಕಿದರೆ ಕಪ್ಪು ಬೂದಿಯ ಹಾಗೆ ಮಂಕಾಗಿ ಕಾಣುತ್ತದೆ. ಐಪಿಎಸ್ ಬ್ಲ್ಯಾಕ್ ಎಂಬ ಹೊಸ ಬಗೆಯಲ್ಲಿ ಇದು 2000:1 ಅಥವಾ ಅದಕ್ಕೂ ಜಾಸ್ತಿ ಬಂದಿದೆ. ಸಿಕ್ಕರೆ ಅದೇ ತಗೊಳ್ಳಿ.

ವಿಎ ಪ್ಯಾನೆಲ್‌ನಲ್ಲಿ ಕಾಂಟ್ರಾಸ್ಟ್ 3000:1 ಅಥವಾ ಜಾಸ್ತಿ. ಕಪ್ಪು ಚೆನ್ನಾಗಿರುತ್ತದೆ. ಆದರೆ ತಲೆ ಸ್ವಲ್ಪ ಆಚೀಚೆ ಆದರೆ ನೆರಳಿನ ಭಾಗಗಳ ಛಾಯೆ ಬದಲಾಗುತ್ತದೆ. ದೊಡ್ಡ ಪರದೆಯಲ್ಲಿ ನೀವು ನೆಟ್ಟಗೆ ಕೂತಿದ್ದರೂ ಅಂಚುಗಳನ್ನು ಓರೆಯಾಗಿಯೇ ನೋಡುತ್ತಿರುತ್ತೀರಿ. ಹಾಗಾಗಿ ಒಂದೇ ಬೂದು ನಡುವೆ ಒಂದು ಥರ, ಮೂಲೆಯಲ್ಲಿ ಇನ್ನೊಂದು ಥರ. ಕಟ್ಟಿಂಗ್ ಮಾತ್ರ ಮಾಡುವವರಿಗೆ ನಡೆಯುತ್ತದೆ. ಬಣ್ಣ ತಿದ್ದುವವರಿಗೆ ನಾನು ಹೇಳುವುದಿಲ್ಲ. ಟಿಎನ್ ಪ್ಯಾನೆಲ್ ಅಂತೂ ಬೇಡವೇ ಬೇಡ.

ಓಎಲ್ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗುತ್ತದೆ, ಕಪ್ಪು ಬೇಕಾದಲ್ಲಿ ಪೂರ್ತಿ ಆರುತ್ತದೆ. ನೋಡಲು ಇದಕ್ಕಿಂತ ಚೆನ್ನಾದದ್ದಿಲ್ಲ. ಆದರೆ ಎಡಿಟರ್‌ನ ಪರದೆ ಹೇಗಿರುತ್ತದೆ ನೋಡಿ: ಅದೇ ಟೈಮ್‌ಲೈನ್, ಅದೇ ಟೂಲ್‌ಬಾರ್, ಅದೇ ಜಾಗದಲ್ಲಿ ದಿನವಿಡೀ. ಹೀಗೆ ಒಂದೇ ಚಿತ್ರ ತುಂಬಾ ಹೊತ್ತು ನಿಂತರೆ ಅದರ ಕಲೆ ಪರದೆಯಲ್ಲಿ ಶಾಶ್ವತವಾಗಿ ಉಳಿಯುವ ಬರ್ನ್-ಇನ್ ಅಪಾಯ ಓಎಲ್ಇಡಿಗೆ ಇದ್ದೇ ಇದೆ. ಪರದೆಯ ಹೆಚ್ಚಿನ ಭಾಗ ಬಿಳಿಯಾದಾಗ ಮಾನಿಟರ್ ತಾನಾಗಿಯೇ ಬೆಳಕು ಇಳಿಸುವುದೂ ಉಂಟು. ಒಂದು ಶಾಟ್‌ಗೂ ಮುಂದಿನದಕ್ಕೂ ಬೆಳಕು ಹೊಂದಿಸುವಾಗ ಇದು ದಾರಿ ತಪ್ಪಿಸುತ್ತದೆ. ಟೈಮ್‌ಲೈನ್‌ಗೆ ಒಂದು ಐಪಿಎಸ್, ಪ್ರಿವ್ಯೂಗೆ ಮಾತ್ರ ಒಂದು ಓಎಲ್ಇಡಿ ಇಟ್ಟುಕೊಳ್ಳುವವರಿಗೆ ಇದು ಒಳ್ಳೆಯ ಜೋಡಿ. ಇರುವುದು ಒಂದೇ ಮಾನಿಟರ್ ಆದರೆ ಐಪಿಎಸ್ಸೇ ಸರಿ.

ಹಂತ 4: ಗಾತ್ರ ಮತ್ತು ರೆಸಲ್ಯೂಶನ್

"ನಾನು 4ಕೆಯಲ್ಲಿ ಶೂಟ್ ಮಾಡುತ್ತೇನೆ, ಹಾಗಾದರೆ 4ಕೆ ಮಾನಿಟರ್ ಬೇಕೇ ಬೇಕಲ್ಲವಾ?" ಇದೂ ಆಗಾಗ ಬರುವ ಪ್ರಶ್ನೆ. ಬೇಕೇ ಬೇಕು ಎಂದೇನಿಲ್ಲ. ಎಡಿಟಿಂಗ್ ಮಾಡುವಾಗ ಪ್ರಿವ್ಯೂ ಕಿಟಕಿ ಪರದೆಯ ಒಂದು ಭಾಗವಷ್ಟೇ. 4ಕೆ ಮಾನಿಟರ್‌ನಲ್ಲೂ ಆ ಕಿಟಕಿಯಲ್ಲಿ ನೀವು ನೋಡುತ್ತಿರುವುದು ಕುಗ್ಗಿಸಿದ ಚಿತ್ರವನ್ನೇ. ಫೋಕಸ್ ಸರಿ ಇದೆಯಾ ಅಂತ ನೋಡಬೇಕಾದರೆ ಪ್ರಿವ್ಯೂವನ್ನು 100% ಜೂಮ್ ಮಾಡಿ. ಆಗ ವಿಡಿಯೋದ ಒಂದು ಪಿಕ್ಸೆಲ್ ಪರದೆಯ ಒಂದು ಪಿಕ್ಸೆಲ್‌ಗೆ ಸಮ. ಯಾವ ಮಾನಿಟರ್‌ನಲ್ಲಾದರೂ ಇದು ಆಗುತ್ತದೆ. 4ಕೆಯ ಅಸಲಿ ಲಾಭ ಪೂರ್ತಿ ಪರದೆಗೆ ಹಾಕಿ ನೋಡುವಾಗ ಮತ್ತು ಅಕ್ಷರಗಳ ಚೊಕ್ಕತನದಲ್ಲಿ. 2560×1440ರ ಮಾನಿಟರ್‌ನಲ್ಲಿ 4ಕೆ ವಿಡಿಯೋ ಪೂರ್ತಿ ಪರದೆಗೆ ಹಾಕಿದರೆ ಅದರ ಅರ್ಧಕ್ಕಿಂತ ಕಡಿಮೆ ಪಿಕ್ಸೆಲ್ ಕಾಣುತ್ತದೆ.

ಗಾತ್ರವನ್ನೂ ರೆಸಲ್ಯೂಶನ್ನನ್ನೂ ಒಟ್ಟಿಗೇ ನೋಡಿ. ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಅನ್ನುವುದು ಲೆಕ್ಕ. 24 ಇಂಚಿನಲ್ಲಿ 1920×1080 ಇದ್ದರೆ 92, ಪರವಾಗಿಲ್ಲ. ಅದನ್ನೇ 27 ಇಂಚಿಗೆ ಹಿಗ್ಗಿಸಿದರೆ 82ಕ್ಕೆ ಇಳಿಯುತ್ತದೆ, ಅಕ್ಷರ ಒಡೆದಂತೆ ಕಾಣುತ್ತದೆ. 27 ಇಂಚಿಗೆ 2560×1440 ಇದ್ದರೆ 109. ಸ್ಕೇಲಿಂಗ್ ಇಲ್ಲದೆ, ಅಂದರೆ ಅಕ್ಷರ ಹಿಗ್ಗಿಸದೆ, ಆರಾಮವಾಗಿ ಕೆಲಸ ಮಾಡಬಹುದು. 32 ಇಂಚಿಗೆ 4ಕೆ ಇದ್ದರೆ 138. ಮೇಜು ಆಳವಾಗಿದ್ದರೆ ಟೈಮ್‌ಲೈನ್‌ಗೂ ಜಾಗ, ಸ್ಕೋಪ್‌ಗಳಿಗೂ ಜಾಗ. ಸ್ಕೋಪ್ ಅಂದರೆ ಬೆಳಕು, ಬಣ್ಣಗಳನ್ನು ಗ್ರಾಫ್‌ನಲ್ಲಿ ತೋರಿಸುವ ಕಿಟಕಿ. ಅದು ಸದಾ ತೆರೆದಿರಲಿ.

ಮ್ಯಾಕ್ ಬಳಸುವವರಿಗೆ ಒಂದು ಕಿವಿಮಾತು. 27 ಇಂಚಿನ 4ಕೆಯಲ್ಲಿ "2560×1440ರಂತೆ ಕಾಣಲಿ" ಎಂದು ಆರಿಸಿದರೆ, ಮ್ಯಾಕ್ ಒಳಗೆ 5120×2880ರಲ್ಲಿ ಚಿತ್ರ ಬರೆದು ಕುಗ್ಗಿಸಿ ತೋರಿಸುತ್ತದೆ. ಗ್ರಾಫಿಕ್ಸ್‌ಗೆ ಸ್ವಲ್ಪ ಹೊರೆ, ಚೊಕ್ಕತನದಲ್ಲಿ ಸ್ವಲ್ಪ ನಷ್ಟ. ಹೆಚ್ಚಿನವರು ಗಮನಿಸುವುದೂ ಇಲ್ಲ.

ಅಲ್ಟ್ರಾವೈಡ್, ಅಂದರೆ 21:9ರ ಅಗಲ ಪರದೆ, ಉದ್ದ ಟೈಮ್‌ಲೈನ್‌ಗೆ ಹಿತ. ಆದರೆ 3440×1440ರ ಎತ್ತರ 27 ಇಂಚಿನ 2560×1440ಕ್ಕಿಂತ ಒಂದು ಪಿಕ್ಸೆಲ್ಲೂ ಜಾಸ್ತಿ ಇಲ್ಲ. ಬಾಗಿದ ಪರದೆ ನನಗಂತೂ ಇಷ್ಟವಿಲ್ಲ. ಶಾಟ್‌ನಲ್ಲಿ ದಿಗಂತ ನೆಟ್ಟಗಿದೆಯಾ ಎಂದು ನೋಡುವಾಗ ಪರದೆಯೇ ಬಾಗಿದ್ದರೆ ಕಿರಿಕಿರಿ.

ಹಂತ 5: ಎಚ್‌ಡಿಆರ್ ಸ್ಟಿಕ್ಕರ್‌ಗೆ ಮರುಳಾಗಬೇಡಿ

ಎಚ್‌ಡಿಆರ್ ಅಂದರೆ ತುಂಬಾ ಬೆಳಕಿನ ಭಾಗವನ್ನೂ ತುಂಬಾ ಕತ್ತಲೆಯ ಭಾಗವನ್ನೂ ಒಂದೇ ಚಿತ್ರದಲ್ಲಿ ತೋರಿಸುವ ವಿಧಾನ. ಡಬ್ಬಿಯ ಮೇಲೆ ಕಾಣುವ "ಡಿಸ್‌ಪ್ಲೇ ಎಚ್‌ಡಿಆರ್ 400" ಅನ್ನುವುದು ವೆಸಾ ಸಂಸ್ಥೆ ಕೊಡುವ ಪ್ರಮಾಣಪತ್ರ, ಅದರಲ್ಲಿ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. 400 ಅನ್ನುವುದು ನಿಟ್ಸ್ ಲೆಕ್ಕದ ಬೆಳಕು. ಈ ಮೆಟ್ಟಿಲಿಗೆ ಲೋಕಲ್ ಡಿಮ್ಮಿಂಗ್ ಕಡ್ಡಾಯವಲ್ಲ. ಲೋಕಲ್ ಡಿಮ್ಮಿಂಗ್ ಅಂದರೆ ಕತ್ತಲೆ ಇರುವ ಭಾಗದಲ್ಲಿ ಮಾತ್ರ ಹಿಂಬದಿಯ ಬೆಳಕನ್ನು ಇಳಿಸುವುದು. ಅದಿಲ್ಲದ ಐಪಿಎಸ್‌ನಲ್ಲಿ ಎಚ್‌ಡಿಆರ್ ಹಾಕಿದರೆ ಬಿಳಿಯ ಜೊತೆ ಕಪ್ಪೂ ಮೇಲೇರುತ್ತದೆ.

ಎಚ್‌ಡಿಆರ್ ಕೆಲಸ ಸಾಮಾನ್ಯವಾಗಿ 1,000 ನಿಟ್ಸ್ ಲೆಕ್ಕದಲ್ಲಿ ನಡೆಯುತ್ತದೆ. ಅದಕ್ಕೆ ಹಿಂಬದಿಯ ಬೆಳಕನ್ನು ನೂರಾರು ವಲಯಗಳಲ್ಲಿ ಬೇರೆ ಬೇರೆಯಾಗಿ ಏರಿಳಿಸುವ ಮಿನಿ ಎಲ್ಇಡಿ ಅಥವಾ ಒಳ್ಳೆಯ ಓಎಲ್ಇಡಿ ಬೇಕು. ಗ್ರಾಹಕರು ಎಚ್‌ಡಿಆರ್ ಕೇಳುತ್ತಿಲ್ಲವಾದರೆ ಈ ಹಂತವನ್ನು ಇಲ್ಲಿಗೇ ಬಿಡಿ. ಅದೇ ಹಣವನ್ನು ಬಣ್ಣದ ನಿಖರತೆಗೆ ಹಾಕಿ.

ಹಂತ 6: ಹರ್ಟ್ಸ್ ಮತ್ತು ಮಿಲಿಸೆಕೆಂಡ್

ಹರ್ಟ್ಸ್ ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಹೊಸದಾಗಿ ತೋರಿಸುತ್ತದೆ ಅನ್ನುವ ಲೆಕ್ಕ, ಮಿಲಿಸೆಕೆಂಡ್ ಅಂದರೆ ಪಿಕ್ಸೆಲ್ ಬದಲಾಗಲು ಹಿಡಿಯುವ ಸಮಯ. 60 ಹರ್ಟ್ಸ್ ಸಾಕು. 1 ಮಿಲಿಸೆಕೆಂಡ್ ಎಂಬ ಜಾಹೀರಾತು ಆಟ ಆಡುವವರಿಗೆ. ಒಂದೇ ಒಂದು ವಿಷಯ: 24 ಫ್ರೇಮ್‌ನ ವಿಡಿಯೋವನ್ನು 60 ಹರ್ಟ್ಸ್‌ನಲ್ಲಿ ನೋಡುವಾಗ ಒಂದು ಫ್ರೇಮ್ ಮೂರು ಸಲ, ಮುಂದಿನದು ಎರಡು ಸಲ ಬರುತ್ತದೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವ ಶಾಟ್‌ನಲ್ಲಿ ಸಣ್ಣ ತೊಡರು ಕಾಣುತ್ತದೆ. ಅದು ವಿಡಿಯೋದ ದೋಷ ಅಂದುಕೊಂಡು ಸ್ಟೆಬಿಲೈಸರ್ ಹಾಕಬೇಡಿ. 120 ಹರ್ಟ್ಸ್ ಆದರೆ 24ಕ್ಕೂ 30ಕ್ಕೂ ಸರಿಯಾಗಿ ಭಾಗವಾಗುತ್ತದೆ. 25 ಫ್ರೇಮ್‌ನಲ್ಲಿ ಕೆಲಸ ಮಾಡುವವರು 50, 75 ಅಥವಾ 100 ಹರ್ಟ್ಸ್‌ಗೆ ಬದಲಾಯಿಸಲು ಬರುತ್ತದಾ ನೋಡಿಕೊಳ್ಳಿ.

ಹಂತ 7: ಪೋರ್ಟ್, ಕೇಬಲ್

ಒಳ್ಳೆಯ ಮಾನಿಟರ್ ತಂದು ಡ್ರಾಯರ್‌ನಲ್ಲಿದ್ದ ಹಳೇ ಕೇಬಲ್ ಚುಚ್ಚಿ, "ಮೌಸ್ ಯಾಕೋ ಎಳೆದಂತೆ ಆಗುತ್ತಿದೆ" ಅನ್ನುವವರು ತುಂಬಾ ಜನ. ಎಚ್‌ಡಿಎಂಐ 1.4ರಲ್ಲಿ 4ಕೆ ಬರುವುದು 30 ಹರ್ಟ್ಸ್‌ಗೆ ಮಾತ್ರ. 60 ಹರ್ಟ್ಸ್‌ಗೆ ಎಚ್‌ಡಿಎಂಐ 2.0 ಬೇಕು. ಅದರಲ್ಲೂ 4ಕೆ, 60 ಹರ್ಟ್ಸ್, 10 ಬಿಟ್ ಮೂರೂ ಒಟ್ಟಿಗೆ ಪೂರ್ತಿ ಬಣ್ಣದ ವಿವರದೊಂದಿಗೆ ಹಿಡಿಸುವುದಿಲ್ಲ. ಡಿಸ್‌ಪ್ಲೇಪೋರ್ಟ್ 1.4 ಅಥವಾ ಎಚ್‌ಡಿಎಂಐ 2.1 ಇದ್ದರೆ ಆರಾಮ. ಕಂಪ್ಯೂಟರ್, ಕೇಬಲ್, ಮಾನಿಟರ್ ಈ ಮೂರರಲ್ಲಿ ಯಾವುದು ಕಡಿಮೆಯದೋ ಅದರ ಮಟ್ಟಕ್ಕೇ ಎಲ್ಲವೂ ಇಳಿಯುತ್ತದೆ.

ಯುಎಸ್‌ಬಿ-ಸಿ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ನೋಡಲು ಎಲ್ಲ ತೂತೂ ಒಂದೇ ಥರ. ಆದರೆ ಎಲ್ಲದರಲ್ಲೂ ವಿಡಿಯೋ ಬರುವುದಿಲ್ಲ. ಲ್ಯಾಪ್‌ಟಾಪ್‌ನ ವಿವರದಲ್ಲಿ "ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್" ಅಥವಾ "ಥಂಡರ್‌ಬೋಲ್ಟ್" ಎಂದಿರಬೇಕು. ಅದೇ ಕೇಬಲ್‌ನಿಂದ ಲ್ಯಾಪ್‌ಟಾಪ್ ಚಾರ್ಜ್ ಆಗಬೇಕಾದರೆ ಮಾನಿಟರ್ ಕೊಡುವ ವ್ಯಾಟ್ ಎಷ್ಟು ನೋಡಿ. ರೆಂಡರ್ ಮಾಡುವಾಗ ಲ್ಯಾಪ್‌ಟಾಪ್ 90 ವ್ಯಾಟ್ ಕೇಳಿ ಮಾನಿಟರ್ 65 ಮಾತ್ರ ಕೊಟ್ಟರೆ, ಚುಚ್ಚಿದ್ದರೂ ಬ್ಯಾಟರಿ ಇಳಿಯುತ್ತಾ ಹೋಗಬಹುದು.

ಸ್ಟ್ಯಾಂಡ್ ಎತ್ತರ ಹೊಂದಿಸಲು ಬರಬೇಕು. ಇಲ್ಲವಾದರೆ ಹಿಂದೆ 100×100 ಮಿಲಿಮೀಟರ್‌ನ ವೆಸಾ ತೂತುಗಳಿರಲಿ, ಬೇರೆ ಆರ್ಮ್ ಹಾಕಿಕೊಳ್ಳಬಹುದು. ಇನ್ನು, ಟಿವಿಯನ್ನೇ ಮಾನಿಟರ್ ಮಾಡಿಕೊಳ್ಳಬಹುದಾ ಅಂತ ಕೇಳುವವರಿಗೆ: ಗ್ರಾಹಕರಿಗೆ ತೋರಿಸಲು ಚೆನ್ನಾಗಿದೆ, ಹತ್ತಿರ ಕೂತು ದಿನವಿಡೀ ಕೆಲಸ ಮಾಡಲು ಅಲ್ಲ. ಬಳಸುವುದಾದರೆ ಚಲನೆ ನಯಗೊಳಿಸುವ, ಬಣ್ಣ ಏರಿಸುವ ಆಯ್ಕೆಗಳನ್ನೆಲ್ಲ ಆಫ್ ಮಾಡಿ.

ಹಣ ಸಾಲದಿದ್ದರೆ ಯಾವುದನ್ನು ಮೊದಲು ಬಿಡಬೇಕು? ನನ್ನ ಕ್ರಮ ಹೀಗೆ: ಮೊದಲು ಎಚ್‌ಡಿಆರ್, ಆಮೇಲೆ ಹೆಚ್ಚಿನ ಹರ್ಟ್ಸ್, ಆಮೇಲೆ ಪಿ3, ಆಮೇಲೆ 4ಕೆ. ರೆಕ್. 709 ಪೂರ್ತಿ ಕವರೇಜ್, ಐಪಿಎಸ್, ಕ್ಯಾಲಿಬ್ರೇಶನ್ ಉಪಕರಣ ಈ ಮೂರನ್ನು ಬಿಡಬೇಡಿ.

ಹಂತ 8: ವಾಪಸ್ ಕೊಡುವ ಅವಧಿಯೊಳಗೆ ಪರೀಕ್ಷಿಸಿ

ಒಂದೇ ಮಾಡೆಲ್‌ನ ಎರಡು ಮಾನಿಟರ್‌ಗಳೂ ಒಂದೇ ಥರ ಇರುವುದಿಲ್ಲ. ಹಾಗಾಗಿ ನಿಮ್ಮ ಕೈಗೆ ಬಂದದ್ದನ್ನೇ ನೋಡಬೇಕು. ಬೇರೆ ಏನೂ ಬೇಕಿಲ್ಲ, ನಿಮ್ಮ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೇ ಪರೀಕ್ಷೆಯ ಚಿತ್ರಗಳನ್ನು ಮಾಡಿಕೊಳ್ಳಿ. ಮಾನಿಟರ್ ಅರ್ಧ ಗಂಟೆ ಹೊತ್ತಿದ ಮೇಲೆ ಶುರು ಮಾಡಿ, ಅಷ್ಟರೊಳಗೆ ಬೆಳಕು ಸ್ಥಿರವಾಗಿರುತ್ತದೆ.

1. ಪೂರ್ತಿ ಪರದೆಗೆ 50% ಬೂದು ಹಾಕಿ ಎರಡು ಹೆಜ್ಜೆ ಹಿಂದೆ ನಿಂತು ನೋಡಿ. ಎಡ ಮೂಲೆ ಗುಲಾಬಿಗೆ, ಬಲ ಮೂಲೆ ಹಸಿರಿಗೆ ತಿರುಗಿದೆಯಾ? ಅಂಚು ತುಸು ಮಂಕಾಗಿರುವುದು ಮಾಮೂಲು. ಬಣ್ಣವೇ ಬದಲಾಗಿದ್ದರೆ ವಾಪಸ್ ಕೊಡಿ. ಒಂದೇ ಮುಖ ಫ್ರೇಮಿನ ಎಡದಿಂದ ಬಲಕ್ಕೆ ಹೋದಾಗ ಮೈಬಣ್ಣ ಬೇರೆ ಬೇರೆ ಕಂಡರೆ ಯಾವುದನ್ನು ನಂಬುತ್ತೀರಿ?

2. ಕೋಣೆ ಕತ್ತಲೆ ಮಾಡಿ ಪೂರ್ತಿ ಕಪ್ಪು ಹಾಕಿ. ಮೂಲೆಗಳಿಂದ ಬೆಳಕು ಸೋರುವುದು ಕಾಣುತ್ತದೆ. ತಲೆ ಅಲ್ಲಾಡಿಸಿದಾಗ ಬದಲಾಗುವ ಮಂಜು ಐಪಿಎಸ್‌ನ ಸಹಜ ಹೊಳಪು. ಎಲ್ಲಿಂದ ನೋಡಿದರೂ ಅದೇ ಜಾಗದಲ್ಲಿ ಉಳಿಯುವ ಹಳದಿ ಮಚ್ಚೆ ಮಾತ್ರ ಬೆಳಕಿನ ಸೋರಿಕೆ.

3. ಕಪ್ಪಿನ ಮೇಲೆ 2%, 4%, 6% ಬೂದಿನ ಮೂರು ಚೌಕ ಇಡಿ. ಪೂರ್ತಿ ಪರದೆಗೆ ಹಾಕಿದಾಗ ಮಬ್ಬಾಗಿಯಾದರೂ ಮೂರೂ ಕಾಣಬೇಕು. ಚೌಕಗಳು ಕಪ್ಪಿನಲ್ಲಿ ಮುಳುಗಿಹೋಗಿದ್ದರೆ, ಅಥವಾ ಕಪ್ಪೇ ಬೂದಾಗಿ ಕಂಡರೆ, ಮಾನಿಟರ್ ಮೇಲೆ ಸಿಟ್ಟಾಗುವ ಮುನ್ನ ಸಿಗ್ನಲ್ ವ್ಯಾಪ್ತಿ ನೋಡಿ. ಎಚ್‌ಡಿಎಂಐನಲ್ಲಿ ಕಂಪ್ಯೂಟರ್ 16ರಿಂದ 235ರವರೆಗಿನ 'ಲಿಮಿಟೆಡ್' ಕಳಿಸಿ, ಮಾನಿಟರ್ 0ಯಿಂದ 255ರ 'ಫುಲ್' ಅಂದುಕೊಂಡರೆ ಕಪ್ಪು ಬೂದಾಗುತ್ತದೆ. ಇದರ ಉಲ್ಟಾ ಆದರೆ ಚೌಕಗಳು ಮುಳುಗುತ್ತವೆ. ಗ್ರಾಫಿಕ್ಸ್ ಕಾರ್ಡ್‌ನ ಸೆಟ್ಟಿಂಗ್‌ನಲ್ಲಿ ಮತ್ತು ಮಾನಿಟರ್‌ನ ಮೆನುವಿನಲ್ಲಿ, ಎರಡೂ ಕಡೆ ಫುಲ್ ಮಾಡಿ.

4. ಕಪ್ಪಿನಿಂದ ಬಿಳಿಗೆ ಹೋಗುವ ಗ್ರೇಡಿಯಂಟ್ ಹಾಕಿ. ಪಟ್ಟೆ ಕಾಣಬಾರದು, ನಡುವೆ ಎಲ್ಲೂ ಹಸಿರು ಅಥವಾ ಗುಲಾಬಿ ಛಾಯೆ ಇಣುಕಬಾರದು. ಇದನ್ನು ನೇರವಾಗಿ ಟೈಮ್‌ಲೈನ್‌ನಲ್ಲೇ ಮಾಡಿ. ನೆಟ್‌ನಿಂದ ಇಳಿಸಿದ ವಿಡಿಯೋ ಆದರೆ ಪಟ್ಟೆ ಅದರ ಕಂಪ್ರೆಶನ್‌ನಲ್ಲೇ ಇರುತ್ತದೆ.

5. ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಒಂದೊಂದಾಗಿ ಹಾಕಿ ಸತ್ತ ಪಿಕ್ಸೆಲ್ ಹುಡುಕಿ. ಎಷ್ಟು ಪಿಕ್ಸೆಲ್ ಸತ್ತರೆ ಬದಲಿ ಕೊಡುತ್ತಾರೆ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಇದನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳಿ.

ಹಂತ 9: ಕ್ಯಾಲಿಬ್ರೇಟ್ ಮಾಡಿ

ಕ್ಯಾಲಿಬ್ರೇಶನ್ ಅಂದರೆ ಪರದೆಯ ಬಣ್ಣವನ್ನು ಉಪಕರಣದಿಂದ ಅಳೆದು ಮಾನದಂಡಕ್ಕೆ ಹೊಂದಿಸುವುದು. ಕಣ್ಣಳತೆಯಲ್ಲಿ ಇದು ಆಗುವುದಿಲ್ಲ. ಯಾಕೆಂದರೆ ಕಣ್ಣು ಹತ್ತು ನಿಮಿಷದಲ್ಲಿ ಯಾವ ಬಿಳಿಗಾದರೂ ಒಗ್ಗಿಕೊಳ್ಳುತ್ತದೆ. ಪರದೆಗೆ ಒರಗಿಸಿಡುವ ಕಲರಿಮೀಟರ್ ಎಂಬ ಪುಟ್ಟ ಉಪಕರಣ ಬೇಕು. ಕ್ಯಾಲಿಬ್ರೈಟ್, ಡೇಟಾಕಲರ್ ಕಂಪನಿಗಳದ್ದು ಹೆಚ್ಚು ಬಳಕೆಯಲ್ಲಿವೆ. ಡಿಸ್‌ಪ್ಲೇಕಾಲ್ ಎಂಬ ಉಚಿತ ಸಾಫ್ಟ್‌ವೇರ್ ಇವೆರಡರ ಹಲವು ಉಪಕರಣಗಳ ಜೊತೆಯೂ ಕೆಲಸ ಮಾಡುತ್ತದೆ. ಇಬ್ಬರು ಮೂವರು ಗೆಳೆಯರು ಸೇರಿ ಒಂದು ಕೊಂಡರೂ ನಡೆಯುತ್ತದೆ, ದಿನಾ ಬೇಕಾಗುವ ವಸ್ತುವಲ್ಲ.

ಮೊದಲು ಬಣ್ಣ ಬದಲಾಯಿಸುವ ಎಲ್ಲವನ್ನೂ ಆಫ್ ಮಾಡಿ: ವಿಂಡೋಸ್‌ನ ನೈಟ್ ಲೈಟ್, ಮ್ಯಾಕ್‌ನ ನೈಟ್ ಶಿಫ್ಟ್ ಮತ್ತು ಟ್ರೂ ಟೋನ್, ಮಾನಿಟರ್‌ನ ಡೈನಾಮಿಕ್ ಕಾಂಟ್ರಾಸ್ಟ್, ಕೋಣೆಯ ಬೆಳಕಿಗೆ ತಕ್ಕಂತೆ ಬದಲಾಗುವ ಬ್ರೈಟ್‌ನೆಸ್. ಆಮೇಲೆ ಗುರಿ ಹೊಂದಿಸಿ. ಬಿಳಿಗೆ ಡಿ65, ಅಂದರೆ ಸುಮಾರು 6,500 ಕೆಲ್ವಿನ್. ಬೆಳಕು 100 ನಿಟ್ಸ್, ಕೋಣೆ ಬೆಳಕಾಗಿದ್ದರೆ 120. ಮೊದಲ ದಿನ ಮಂಕು ಅನಿಸುತ್ತದೆ. ಅಂಗಡಿಯ ಹೊಳಪಿಗೆ ಒಗ್ಗಿದ ಕಣ್ಣು ಅದು, ಬಿಡಿ. ಗಾಮಾ, ಅಂದರೆ ಕಪ್ಪಿನಿಂದ ಬಿಳಿಗೆ ಬೆಳಕು ಏರುವ ರೀತಿ, ಮಬ್ಬು ಬೆಳಕಿನ ಕೋಣೆಯಲ್ಲಿ ಟಿವಿಗಾಗಿ ಮಾಡುವವರಿಗೆ 2.4, ಮಾಮೂಲಿ ಕೋಣೆಯಲ್ಲಿ ನೆಟ್‌ಗಾಗಿ ಮಾಡುವವರಿಗೆ 2.2. ಉಪಕರಣದ ಸಾಫ್ಟ್‌ವೇರ್ ಕೇಳಿದಾಗ ಪ್ಯಾನೆಲ್‌ನ ಬಗೆಯನ್ನು ಸರಿಯಾಗಿ ಆರಿಸಿ. ಓಎಲ್ಇಡಿಯನ್ನು ಎಲ್ಇಡಿ ಎಂದು ಕೊಟ್ಟರೆ ಅಳತೆಯೇ ತಪ್ಪುತ್ತದೆ.

ಇಷ್ಟು ಮಾಡಿದ ಮೇಲೂ ಒಂದು ಗುಂಡಿ ಬಾಕಿ ಇದೆ. ಕ್ಯಾಲಿಬ್ರೇಶನ್ ಕೊನೆಗೆ ಐಸಿಸಿ ಪ್ರೊಫೈಲ್ ಎಂಬ ಫೈಲ್ ತಯಾರಾಗುತ್ತದೆ. ಅದರಲ್ಲಿರುವ ಬಣ್ಣದ ಲೆಕ್ಕವನ್ನು ಎಡಿಟಿಂಗ್ ಸಾಫ್ಟ್‌ವೇರ್ ತಾನಾಗಿಯೇ ಬಳಸುತ್ತದೆ ಅಂದುಕೊಳ್ಳಬೇಡಿ. ಪ್ರೀಮಿಯರ್ ಪ್ರೊದಲ್ಲಿ ಡಿಸ್‌ಪ್ಲೇ ಕಲರ್ ಮ್ಯಾನೇಜ್‌ಮೆಂಟ್ ಆನ್ ಇರಬೇಕು. ಡಾವಿಂಚಿ ರಿಸಾಲ್ವ್‌ನಲ್ಲಿ ಮ್ಯಾಕ್‌ನವರಿಗೆ ವ್ಯೂಯರ್‌ಗೆ ಮ್ಯಾಕ್‌ನ ಪ್ರೊಫೈಲ್ ಬಳಸುವ ಆಯ್ಕೆ ಇದೆ. ವಿಂಡೋಸ್‌ನಲ್ಲಿ ರಿಸಾಲ್ವ್ ಬಳಸುವವರಿಗೆ ಹಾರ್ಡ್‌ವೇರ್ ಕ್ಯಾಲಿಬ್ರೇಶನ್ ಇರುವ ಮಾನಿಟರ್ ಒಳ್ಳೆಯದು. ಇದರಲ್ಲಿ ತಿದ್ದುಪಡಿ ಮಾನಿಟರ್‌ನ ಒಳಗೇ ಉಳಿಯುತ್ತದೆ, ಯಾವ ಸಾಫ್ಟ್‌ವೇರ್ ಪ್ರೊಫೈಲ್ ಬಳಸದಿದ್ದರೂ ಆ ತಿದ್ದುಪಡಿ ಹಾಗೇ ಇರುತ್ತದೆ. ಐಜೋ ಕಲರ್‌ಎಡ್ಜ್, ಬೆನ್‌ಕ್ಯೂನ ಎಸ್‌ಡಬ್ಲ್ಯೂ, ಆಸುಸ್‌ನ ಪ್ರೊಆರ್ಟ್ ಸಾಲಿನ ಹಲವು ಮಾನಿಟರ್‌ಗಳಲ್ಲಿ ಈ ಸೌಲಭ್ಯ ಇದೆ. ಗ್ರೇಡಿಂಗ್, ಅಂದರೆ ಬಣ್ಣ ತಿದ್ದುವುದನ್ನೇ, ವೃತ್ತಿ ಮಾಡಿಕೊಂಡವರು ಇನ್ನೂ ಒಂದು ಹೆಜ್ಜೆ ಹೋಗಿ, ಬ್ಲ್ಯಾಕ್‌ಮ್ಯಾಜಿಕ್‌ನ ಡೆಕ್‌ಲಿಂಕ್ ಅಥವಾ ಅಲ್ಟ್ರಾಸ್ಟುಡಿಯೋ ಎಂಬ ವಿಡಿಯೋ ಔಟ್‌ಪುಟ್ ಉಪಕರಣಗಳ ಮೂಲಕ ಆಪರೇಟಿಂಗ್ ಸಿಸ್ಟಮ್ ಕೈ ಹಾಕದ ಸಿಗ್ನಲ್ ಅನ್ನು ಪ್ರತ್ಯೇಕ ಮಾನಿಟರ್‌ಗೆ ಕೊಡುತ್ತಾರೆ.

ಇಷ್ಟಾದ ಮೇಲೂ ರಫ್ತು ಮಾಡಿದ ಫೈಲ್ ಮ್ಯಾಕ್‌ನ ಕ್ವಿಕ್‌ಟೈಮ್‌ನಲ್ಲಿ ತುಸು ತೆಳುವಾಗಿ, ಬಿಳಿಚಿಕೊಂಡಂತೆ ಕಂಡರೆ ಗಾಬರಿಯಾಗಬೇಡಿ, ಮಾನಿಟರ್ ಅನ್ನು ಮತ್ತೆ ತಿರುಚಲೂ ಬೇಡಿ. ಕ್ವಿಕ್‌ಟೈಮ್ ರೆಕ್. 709ರ ಗಾಮಾವನ್ನು ಬೇರೆ ಥರ ಓದುತ್ತದೆ, ತುಂಬಾ ಹಳೆಯ ತಕರಾರು ಇದು. ಅದೇ ಫೈಲನ್ನು ಒಂದು ಟಿವಿಯಲ್ಲಿ, ಒಂದು ಫೋನಿನಲ್ಲಿ ಹಾಕಿ ನೋಡಿ.

ಎರಡು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಕೋಣೆಯ ಕಿಟಕಿ ಬೆನ್ನ ಹಿಂದೆ ಇದ್ದರೆ ಕರ್ಟನ್ ಹಾಕಿ, ಮಾನಿಟರ್‌ನ ಹಿಂದಿನ ಗೋಡೆ ಬೂದು ಅಥವಾ ಬಿಳಿ ಇರಲಿ. ಗೋಡೆಗೆ ಕಿತ್ತಳೆ ಬಣ್ಣ ಬಳಿದಿದ್ದರೆ, ಮಾನಿಟರ್ ಸರಿ ಇದ್ದರೂ ನಿಮ್ಮ ಕಣ್ಣಿಗೆ ವಿಡಿಯೋ ನೀಲಿಯಾಗಿ ಕಾಣುತ್ತದೆ.